ಸತ್ತ ಕಾರ್ಡಿನ ವಿಳಾಸ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ನೆಟ್‌ವರ್ಕ್ ಕಾರ್ಡ್ ಇದೆ. ಅಂಗೈ ಅಗಲದ ಹಸಿರು ಹಲಗೆ, ಒಂದು ಅಂಚಿಗೆ ತುಕ್ಕು ಹಿಡಿದ ತಗಡು, ಬೆನ್ನಿಗೆ ಹಳದಿಗಟ್ಟಿದ ಚೀಟಿ. ಚೀಟಿಯಲ್ಲಿ ಅಂಕಿ, ಅಕ್ಷರ ಸೇರಿ ಹನ್ನೆರಡು ಗುರುತುಗಳ ಒಂದು ಮ್ಯಾಕ್ ವಿಳಾಸ, ಅಂದರೆ ಜಾಲದಲ್ಲಿ ಆ ಕಾರ್ಡನ್ನು ಗುರುತಿಸುವ ಸಂಖ್ಯೆ. ಈ ಕಾರ್ಡ್ 2013ರ ಏಪ್ರಿಲ್‌ನಲ್ಲಿ ಸತ್ತಿತು. ಅದರ ವಿಳಾಸ ಮಾತ್ರ ಇವತ್ತಿಗೂ ಗದಗದಲ್ಲಿ ನನ್ನ ಸೋದರಮಾವನ ಮುದ್ರಣಾಲಯದ ಜಾಲದಲ್ಲಿ ಬದುಕಿದೆ. ಈಗ ಅದನ್ನು ತೊಟ್ಟುಕೊಂಡಿರುವುದು ತಾಮ್ರ, ತಗಡಿನ ಕಾರ್ಡಲ್ಲ. ಒಂದು ಫೈಲಿನೊಳಗೆ ಓಡುತ್ತಿರುವ, ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಸರ್ವರ್. ಆ ಸರ್ವರನ್ನು ಹದಿನೈದು ವರ್ಷಕ್ಕೂ ಮಿಕ್ಕಿ ನೋಡಿಕೊಂಡು ಬಂದಿದ್ದೇನೆ. ಅದರಿಂದ ಕಲಿತದ್ದನ್ನು ಒಮ್ಮೆಯಾದರೂ ನೆಮ್ಮದಿಯಾಗಿ ಕೂತು ಬರೆಯಬೇಕೆಂಬ ಆಸೆ ಬಹಳ ದಿನದಿಂದ ಇತ್ತು.

ಗದಗವನ್ನು ಮುದ್ರಣ ಕಾಶಿ ಎಂದು ಕರೆಯುವ ರೂಢಿ ಇದೆ. ಮಾವನದು ಅಲ್ಲಿನ ದೊಡ್ಡ ಮುದ್ರಣಾಲಯಗಳ ಸಾಲಿಗೆ ಸೇರುವಂಥದ್ದಲ್ಲ. ಒಂದು ಆಫ್‌ಸೆಟ್ ಯಂತ್ರ, ನಾಲ್ವರು ವಿನ್ಯಾಸಕಾರರು, ಒಬ್ಬ ಗುಮಾಸ್ತರು, ಯಂತ್ರದ ಮೇಲೆ ಇಬ್ಬರು. ಮದುವೆಯ ಆಮಂತ್ರಣ, ಜಾತ್ರೆಯ ಕರಪತ್ರ, ಶಾಲೆಯ ವರದಿ ಪುಸ್ತಕ, ದೀಪಾವಳಿ ಕಳೆಯುತ್ತಿದ್ದಂತೆ ಕ್ಯಾಲೆಂಡರು. 2008ರವರೆಗೆ ಪ್ರತಿಯೊಬ್ಬರ ಕೆಲಸ ಅವರವರ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಒಂದೇ ಆಮಂತ್ರಣದ ನಾಲ್ಕು ಪ್ರತಿ ನಾಲ್ಕು ಕಡೆ. ಆ ವರ್ಷದ ಬೇಸಿಗೆಯಲ್ಲಿ ತಿದ್ದುವ ಮೊದಲಿನ ಪ್ರತಿ ಅಚ್ಚಿಗೆ ಹೋಗಿ, ಮುಹೂರ್ತದ ವೇಳೆ ತಪ್ಪಾದ ಆರುನೂರು ಕಾರ್ಡುಗಳು ಸಿದ್ಧವಾದವು. ಹುಡುಗಿಯ ತಂದೆ ಬಾಗಿಲಲ್ಲಿ ನಿಂತು ಒಂದು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರಂತೆ, ಸಿಟ್ಟು ಮಾಡಲಿಲ್ಲವಂತೆ. ಅದೇ ಮಾವನಿಗೆ ಹೆಚ್ಚು ತಟ್ಟಿದ್ದು. ಎಲ್ಲರ ಕೆಲಸ ಒಂದೇ ಕಡೆ ಇರುವಂತೆ ಏನಾದರೂ ಮಾಡಲು ಸಾಧ್ಯವೇ ಎಂದು ಆ ರಾತ್ರಿಯೇ ನನಗೆ ಫೋನ್ ಮಾಡಿದರು.

ನಾನು ಆರಿಸಿದ್ದು ಎಸ್‌ಎಂಇ ಸರ್ವರ್. ಕೆನಡಾದ ಒಟ್ಟಾವಾದಲ್ಲಿ ಈ-ಸ್ಮಿತ್ ಎಂಬ ಚಿಕ್ಕ ಕಂಪನಿ ಶುರುಮಾಡಿದ್ದ ಲಿನಕ್ಸ್ ವಿತರಣೆ ಅದು. 2001ರಲ್ಲಿ ಮೈಟೆಲ್ ಎಂಬ ದೂರವಾಣಿ ಉಪಕರಣಗಳ ಸಂಸ್ಥೆ ಆ ಕಂಪನಿಯನ್ನು ಕೊಂಡಿತು. ಮುಂದೆ ಸ್ವಯಂಸೇವಕರ ಸಮುದಾಯವೇ ಅದನ್ನು ಕೈಗೆತ್ತಿಕೊಂಡಿತು. ಸಣ್ಣ ಕಚೇರಿಗೆ ಬೇಕಾದ ಫೈಲ್ ಹಂಚಿಕೆ, ಮೇಲ್, ಫೈರ್‌ವಾಲ್ ಎಲ್ಲವೂ ಒಂದೇ ಡಬ್ಬಿಯಲ್ಲಿ. ಅದರ ಜಾಣತನ ಒಳಗಿತ್ತು: ಪ್ರತಿ ಸೇವೆಯ ಸಂರಚನೆಯ (ಸೆಟ್ಟಿಂಗ್‌ಗಳ) ಫೈಲನ್ನೂ ಅದು ಒಂದು ಅಚ್ಚಿನಿಂದ ಎರಕ ಹೊಯ್ಯುತ್ತದೆ. ಫೈಲ್ ಹಂಚುವ ತಂತ್ರಾಂಶವಾದ ಸಾಂಬಾದ ಸಂರಚನೆಯನ್ನು ನೀವು ಕೈಯಿಂದ ತಿದ್ದಿದರೆ ಮುಂದಿನ ಬದಲಾವಣೆಯ ಹೊತ್ತಿಗೆ ಆ ತಿದ್ದುಪಡಿ ಅಳಿಸಿಹೋಗಿರುತ್ತದೆ. ತಿದ್ದಬೇಕಾದದ್ದು ಅಚ್ಚನ್ನೇ. ಮುದ್ರಣಾಲಯದವರಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಪ್ಲೇಟಿನಲ್ಲಿ ತಪ್ಪಿದ್ದರೆ ಕಾಗದದ ಮೇಲೆ ಪೆನ್ನಿನಿಂದ ತಿದ್ದಿ ಏನು ಬಂತು ಎಂದು ಯಂತ್ರದ ಹಿರಿಯರೊಬ್ಬರು ನನಗಿಂತ ಚೆನ್ನಾಗಿ ಹೇಳಿದರು.

ಸರ್ವರ್ ಕೂತದ್ದು 2004ರ ಒಂದು ಪೆಂಟಿಯಂ 4 ಡಬ್ಬಿಯಲ್ಲಿ. ಕಾಗದದ ರಿಮ್ಮುಗಳ ಪಕ್ಕ, ಗೋಡೆಯ ಮೂಲೆಯಲ್ಲಿ ಐದು ವರ್ಷ ಅದು ಹೆಚ್ಚುಕಡಿಮೆ ತನ್ನ ಪಾಡಿಗೆ ತಾನು ಓಡಿತು. 2013ರ ಏಪ್ರಿಲ್‌ನ ಒಂದು ಮಧ್ಯಾಹ್ನ ಗುಡುಗಿನ ಮಳೆ ಬಂತು, ಕರೆಂಟ್ ಹೋಯಿತು, ಮರಳಿ ಬಂದಾಗ ಡಬ್ಬಿ ಏಳಲಿಲ್ಲ. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಮುಚ್ಚಳ ತೆಗೆದೆ. ಮದರ್‌ಬೋರ್ಡಿನ ಕೆಪಾಸಿಟರುಗಳ ನೆತ್ತಿ ಉಬ್ಬಿತ್ತು. ಎರಡರ ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿ ಒಣಗಿತ್ತು. ನೆಟ್‌ವರ್ಕ್ ಕಾರ್ಡೂ ಸುಟ್ಟಿತ್ತು. ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿತ್ತು.

ಡಿಸ್ಕ್ ಚೆನ್ನಾಗಿದ್ದರೆ ಕೆಲಸ ಮುಗಿದಂತೆ ಎಂದುಕೊಂಡೆ. ಹುಬ್ಬಳ್ಳಿಯಿಂದ ಹೊಸ ಕಂಪ್ಯೂಟರ್ ತಂದು ಡಿಸ್ಕನ್ನು ಅದಕ್ಕೆ ಜೋಡಿಸಿದೆವು. ಏಳಲೇ ಇಲ್ಲ. ಆ ಹೊತ್ತಿಗೆ ನಮ್ಮ ಸರ್ವರಿನ ಬುನಾದಿ ಸೆಂಟ್‌ಓಎಸ್ 5 ಎಂಬ ಲಿನಕ್ಸ್ ವಿತರಣೆ. ಅದರ ಕರ್ನೆಲ್, ಅಂದರೆ ಯಂತ್ರಾಂಶವನ್ನು ಆಳುವ ತಿರುಳು, 2.6.18; ಹುಟ್ಟಿದ್ದು 2006ರಲ್ಲಿ. 2013ರ ಬೋರ್ಡಿನ ಡಿಸ್ಕ್ ನಿಯಂತ್ರಕವಾಗಲಿ ನೆಟ್‌ವರ್ಕ್ ಚಿಪ್ ಆಗಲಿ ಅದಕ್ಕೆ ಗುರುತು ಹತ್ತಲಿಲ್ಲ. ಹೊಸ ಯಂತ್ರಕ್ಕೆ ಹಳೆಯ ಸರ್ವರ್ ಒಲ್ಲದು, ಹಳೆಯ ಯಂತ್ರ ಅಂಗಡಿಯಲ್ಲಿ ಸಿಗದು. ಸಣ್ಣ ವ್ಯಾಪಾರಕ್ಕೆ ವರ್ಚುವಲ್ ಯಂತ್ರ, ಅಂದರೆ ತಂತ್ರಾಂಶದಿಂದಲೇ ಕಟ್ಟಿದ ಕಂಪ್ಯೂಟರ್, ಏಕೆ ಬೇಕು ಎಂದು ಕೇಳುವವರಿಗೆ ನಾನು ಈಗಲೂ ಕೊಡುವುದು ಇದೊಂದೇ ಉತ್ತರ. ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ವಯಸ್ಸಾಗುವ ವೇಗ ಬೇರೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಒಂದು ಬಿದ್ದಾಗ ಇನ್ನೊಂದೂ ಬೀಳುತ್ತದೆ.

ಆ ದಿನ ಬೇರೆ ದಾರಿ ಇರಲಿಲ್ಲ. ಗುಮಾಸ್ತರ ಮೇಜಿನ ಕಂಪ್ಯೂಟರಿಗೆ ವರ್ಚುವಲ್ ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, 160 ಜಿಬಿ ಡಿಸ್ಕನ್ನು ಯುಎಸ್‌ಬಿ ತಂತಿಯ ಮೂಲಕ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದು ಫೈಲಿಗೆ ಇಳಿಸತೊಡಗಿದೆ. ಎರಡು ಗಂಟೆ ಹಿಡಿಯಿತು. ವಿನ್ಯಾಸಕಾರರು ಕುರ್ಚಿ ಎಳೆದುಕೊಂಡು ಬಂದು ಪರದೆಯ ಮೇಲೆ ಏರುತ್ತಿದ್ದ ಅಂಕಿಯನ್ನು ನೋಡುತ್ತ ಕೂತರು. ವರ್ಚುವಲ್ ಯಂತ್ರ ಮೇಲೆದ್ದಿತು. ಲಾಗಿನ್ ಸಾಲು ಬಂತು. ಆದರೆ ಜಾಲ ಸಿಗಲಿಲ್ಲ. ಮೊದಲ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ತನಗೆ ಗೊತ್ತಿರುವುದಕ್ಕಿಂತ ಬೇರೆಯಾಗಿದೆ, ಆದ್ದರಿಂದ ಕಡೆಗಣಿಸುತ್ತಿದ್ದೇನೆ ಎಂಬ ಒಂದು ಸಾಲು. ಸರ್ವರ್ ತನ್ನ ಹಳೆಯ ಕಾರ್ಡನ್ನು ಕೇಳುತ್ತಿತ್ತು.

ಸತ್ತ ಕಾರ್ಡನ್ನು ಡಬ್ಬಿಯಿಂದ ಕಿತ್ತು, ಬೆನ್ನು ತಿರುಗಿಸಿ, ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗುಮಾಸ್ತರು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು, ನಾನು ವರ್ಚುವಲ್ ಕಾರ್ಡಿನ ವಿಳಾಸದ ಜಾಗದಲ್ಲಿ ಒತ್ತುತ್ತ ಹೋದೆ. ಮತ್ತೆ ಚಾಲೂ ಮಾಡಿದಾಗ ಸರ್ವರಿಗೆ ಯಾವ ಸಂಶಯವೂ ಉಳಿಯಲಿಲ್ಲ. ಎದುರು ಮೇಜಿನಿಂದ ಒಬ್ಬಳು, ‘ಫೋಲ್ಡರ್ ತೆರೆಯಿತು’ ಎಂದು ಕೂಗಿದಳು. ಆ ಕಾರ್ಡನ್ನು ನಾನು ಜೇಬಿಗೆ ಹಾಕಿಕೊಂಡದ್ದು ಆಗ.

ಇದರ ಹಿಂದಿನ ವಿದ್ಯೆಯನ್ನು ಮಾವ ಅಂದೇ ಕೇಳಿದರು. ಅವರು ಕಂಪನಿ ನಾಟಕಗಳ ಕಾಲದವರು, ಆದ್ದರಿಂದ ಅಲ್ಲಿಂದಲೇ ಹೇಳಿದೆ. ಅರಮನೆಯ ಪರದೆ ಇಳಿದರೆ ರಾಜ, ಕಾಡಿನ ಪರದೆ ಇಳಿದರೆ ವನವಾಸ; ಪಾತ್ರಧಾರಿಗೆ ಪರದೆಯೇ ಲೋಕ. ವರ್ಚುವಲ್ ಯಂತ್ರದೊಳಗಿನ ಲಿನಕ್ಸ್‌ಗೂ ಹಾಗೆಯೇ. ತನಗೊಂದು ಡಿಸ್ಕ್ ಇದೆ, ಕಾರ್ಡ್ ಇದೆ, ಬೋರ್ಡ್ ಇದೆ ಎಂದು ಅದು ನಂಬಿ ಕೆಲಸ ಮಾಡುತ್ತದೆ. ಪರದೆ ಎಳೆಯುವವನು ಹೈಪರ್‌ವೈಸರ್ ಎಂಬ ತಂತ್ರಾಂಶ. ಒಳಗಿನ ವ್ಯವಸ್ಥೆ ಯಂತ್ರದ ಮೇಲೆ ಅಧಿಕಾರ ಚಲಾಯಿಸುವ ಆಜ್ಞೆ ಕೊಟ್ಟಾಗಲೆಲ್ಲ ಅವನು ಅದನ್ನು ನಡುವೆಯೇ ಹಿಡಿದು, ತಕ್ಕ ಉತ್ತರ ಕೊಟ್ಟು ಕಳಿಸುತ್ತಾನೆ.

ಐಬಿಎಂ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಸಾಧಿಸಿತ್ತು. ಯಾವ ಪ್ರೊಸೆಸರಿನಲ್ಲಿ ಇದು ಸಾಧ್ಯ ಎಂಬುದಕ್ಕೆ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಸಂಶೋಧಕರು 1974ರಲ್ಲಿ ನಿಯಮ ಬರೆದರು. ನಮ್ಮ ಮೇಜಿನ ಇಂಟೆಲ್ ಪ್ರೊಸೆಸರುಗಳು ಆ ನಿಯಮಕ್ಕೆ ಒಗ್ಗುತ್ತಿರಲಿಲ್ಲ. ಪೆಂಟಿಯಂನಲ್ಲಿ ಹಾಗೆ ಹಿಡಿಯಲಾಗದೆ ನುಣುಚಿಕೊಳ್ಳುವ 17 ಆಜ್ಞೆಗಳಿವೆ ಎಂದು 2000ದ ಒಂದು ಅಧ್ಯಯನ ಪಟ್ಟಿ ಮಾಡಿತು. ವಿಎಂವೇರ್ ಕಂಪನಿ 1999ರಲ್ಲೇ ಆ ಆಜ್ಞೆಗಳನ್ನು ಓಡುತ್ತಿರುವಾಗಲೇ ಅನುವಾದಿಸಿ ಈ ತೊಡಕನ್ನು ದಾಟಿತ್ತು. ಅದು ಎಂಜಿನಿಯರಿಂಗ್‌ನ ನಿಜವಾದ ಸಾಹಸ, ಅದರ ಬಗ್ಗೆ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 2005ರಿಂದ ಇಂಟೆಲ್, ಅದರ ಬೆನ್ನಿಗೆ ಎಎಂಡಿ, ಪ್ರೊಸೆಸರಿನೊಳಗೇ ಅದಕ್ಕೆ ಅನುಕೂಲ ಮಾಡಿಕೊಟ್ಟವು. 2007ರ ಫೆಬ್ರವರಿಯಲ್ಲಿ 2.6.20 ಕರ್ನೆಲ್ಲಿನೊಂದಿಗೆ ಕೆವಿಎಂ ಎಂಬ ಭಾಗ ಬಂದಾಗ ಲಿನಕ್ಸ್ ತಾನೇ ಹೈಪರ್‌ವೈಸರ್ ಆಯಿತು. ಗದಗದ ಮೂಲೆಯ ಮುದ್ರಣಾಲಯಕ್ಕೆ ಒಂದು ರೂಪಾಯಿ ಪರವಾನಗಿ ಶುಲ್ಕವಿಲ್ಲದೆ ಈ ವಿದ್ಯೆ ತಲುಪಿದ್ದು ಆ ದಾರಿಯಿಂದ.

ಗುಮಾಸ್ತರ ಕಂಪ್ಯೂಟರಿನಲ್ಲಿ ಸರ್ವರ್ ಇಟ್ಟದ್ದು ಕೆಲವೇ ವಾರಗಳ ಮಾತು. ಒಂದು ರಾತ್ರಿ ಆ ಕಂಪ್ಯೂಟರ್ ತನ್ನನ್ನು ತಾನೇ ನವೀಕರಿಸಿಕೊಂಡು ಮರುಚಾಲೂ ಆಯಿತು. ಒಳಗಿದ್ದ ಸರ್ವರಿಗೆ ಅದು ಎಚ್ಚರಿಕೆಯಿಲ್ಲದೆ ಪ್ಲಗ್ ಕಿತ್ತಂತೆ. ಯಾರದೋ ಮೇಜಿನ ಮೇಲಿನ ಯಂತ್ರದ ಹೊಟ್ಟೆಯಲ್ಲಿ ಹತ್ತು ಜನರ ಅನ್ನ ಇರಬಾರದು. ಜುಲೈನಲ್ಲಿ ಹುಬ್ಬಳ್ಳಿಯ ಆ ಹೊಸ ಕಂಪ್ಯೂಟರನ್ನು ಇದಕ್ಕೆಂದೇ ಮೀಸಲಿಟ್ಟು ಪ್ರಾಕ್ಸ್‌ಮಾಕ್ಸ್ ಹಾಕಿದೆ. ವಿಯೆನ್ನಾದ ಒಂದು ಸಣ್ಣ ಕಂಪನಿ 2008ರಿಂದ ಹೊರತರುತ್ತಿರುವ, ಡೆಬಿಯನ್ ಲಿನಕ್ಸ್ ಮತ್ತು ಕೆವಿಎಂ ಮೇಲೆ ನಿಂತ, ವರ್ಚುವಲ್ ಯಂತ್ರಗಳನ್ನು ನಡೆಸುವ ವ್ಯವಸ್ಥೆ. ಮೊದಲಿಗೆ ಕೆವಿಎಂ ಇಲ್ಲ ಎಂದು ಹಟ ಹಿಡಿಯಿತು. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್ ತೆರೆದು ನೋಡಿದರೆ ವರ್ಚುವಲೈಸೇಶನ್ ಎಂಬ ಸಾಲಿನ ಮುಂದೆ ‘ನಿಷ್ಕ್ರಿಯ’ ಎಂದಿತ್ತು, ಕಾರ್ಖಾನೆಯಿಂದಲೇ. ಅದನ್ನು ತಿರುಗಿಸಿದೆ.

ಆಮೇಲೆ ವೇಗದ ಆಸೆಗೆ ಬಿದ್ದೆ. ಹೈಪರ್‌ವೈಸರ್ ಸಾಮಾನ್ಯವಾಗಿ ಹಳೆಯ ಐಡಿಇ ಡಿಸ್ಕಿನ ವೇಷ ಹಾಕುತ್ತದೆ. ಅದರ ಬದಲು ವರ್ಟ್‌ಐಒ ಎಂಬ ದಾರಿಯಿದೆ. ಅಲ್ಲಿ ಒಳಗಿನ ವ್ಯವಸ್ಥೆಗೆ ತಾನು ವರ್ಚುವಲ್ ಯಂತ್ರದಲ್ಲಿರುವುದು ಗೊತ್ತಿರುತ್ತದೆ, ಇಬ್ಬರೂ ನಾಟಕ ಬಿಟ್ಟು ನೇರವಾಗಿ ಮಾತನಾಡುತ್ತಾರೆ. ಡಿಸ್ಕನ್ನು ಆ ಬಗೆಗೆ ಬದಲಿಸಿದ ಕೂಡಲೇ ಕರ್ನೆಲ್ ಪ್ಯಾನಿಕ್, ವ್ಯವಸ್ಥೆ ಗಕ್ಕನೆ ನಿಂತಿತು. ಬೂಟ್ ಆಗುವಾಗ ಮೊದಲು ತೆರೆಯುವ ‘ಇಮೇಜ್’ ಎಂಬ ಪುಟ್ಟ ಫೈಲಿನೊಳಗೆ ವರ್ಟ್‌ಐಒ ಚಾಲಕವೇ (ಡ್ರೈವರ್) ಇರಲಿಲ್ಲ. ತನ್ನ ಡಿಸ್ಕನ್ನು ತಾನೇ ಕಾಣಲಾರದೆ ನಿಂತಿತ್ತು. ಐಡಿಇಗೆ ಮರಳಿ, ಆ ಚಾಲಕ ಸೇರಿಸಿ ಇಮೇಜನ್ನು ಮತ್ತೆ ಕಟ್ಟಿ, ಆಮೇಲೆ ಬದಲಿಸಿದಾಗ ಓಡಿತು. ಹಳೆಯ ಯಂತ್ರವನ್ನು ವರ್ಚುವಲ್ ಮಾಡುವವರು ಈ ಕ್ರಮವನ್ನು ನೆನಪಿಡಿ: ಮೊದಲು ಹಳೆಯ ವೇಷದಲ್ಲಿ ಎಬ್ಬಿಸಿ, ಆಮೇಲೆ ಹೊಸದಕ್ಕೆ ಒಗ್ಗಿಸಿ.

ಅಂದಹಾಗೆ, ಪ್ರಾಕ್ಸ್‌ಮಾಕ್ಸ್ ಒಳಗೆ ಯಂತ್ರಾಂಶದ ವೇಷ ಕಟ್ಟುವ ಕೀಮು ಎಂಬ ತಂತ್ರಾಂಶ ಇವತ್ತಿಗೂ ತಾನಾಗಿ ಕೊಡುವ ಮದರ್‌ಬೋರ್ಡ್ ಇಂಟೆಲ್ 440ಎಫ್‌ಎಕ್ಸ್. ಅದು 1996ರ ಚಿಪ್‌ಸೆಟ್. ನಿನ್ನೆ ಕೊಂಡ ಪ್ರೊಸೆಸರಿನ ಮೇಲೆ ಕೂತ ಸರ್ವರ್ ತಾನು ಮೂವತ್ತು ವರ್ಷ ಹಳೆಯ ಬೋರ್ಡಿನ ಮೇಲಿದ್ದೇನೆ ಎಂದು ತಿಳಿದಿರುತ್ತದೆ. ಆ ಬೋರ್ಡಿನ ಕೆಪಾಸಿಟರುಗಳು ಎಂದೂ ಉಬ್ಬುವುದಿಲ್ಲ. ಅಂಗಡಿಯಲ್ಲಿ ಅದು ಸಿಗದೆ ಹೋಗುವ ದಿನವೂ ಇಲ್ಲ. ನನಗೆ ಇದರಲ್ಲಿ ಬಹಳ ಸಮಾಧಾನವಿದೆ.

ಆದರೆ ಪರದೆ ಎಳೆಯುವವನು ಸುಳ್ಳು ಹೇಳಿದರೆ? 2014ರ ಮಳೆಗಾಲದಲ್ಲಿ ಅದೂ ಆಯಿತು, ಮತ್ತು ಅವನಿಗೆ ಸುಳ್ಳು ಹೇಳಲು ಅಪ್ಪಣೆ ಕೊಟ್ಟವನು ನಾನೇ.

ಸರ್ವರಿನಲ್ಲಿ ಕೆಲಸಗಳ ದಾಖಲಾತಿಗೆ ಒಂದು ಡೇಟಾಬೇಸ್ ಮಾಡಿಕೊಟ್ಟಿದ್ದೆ. ಯಾರ ಆಮಂತ್ರಣ, ಎಷ್ಟು ಪ್ರತಿ, ಯಾವ ಕಾಗದ, ಮುಂಗಡ ಎಷ್ಟು ಎಂಬುದೆಲ್ಲ ಅದರಲ್ಲಿ. ಅದು ನಿಧಾನವೆಂದು ದೂರು ಬಂತು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಡಿಸ್ಕಿನ ಕ್ಯಾಶ್ (ಡಿಸ್ಕಿಗೆ ಇಳಿಯುವ ಮುನ್ನ ದತ್ತಾಂಶ ತಂಗುವ ಜಾಗ) ಬಗೆಯನ್ನು ಬದಲಿಸುವ ಆಯ್ಕೆ ಇದೆ, ಅದರಲ್ಲೊಂದರ ಹೆಸರಿನಲ್ಲೇ ‘ಅಸುರಕ್ಷಿತ’ ಎಂದು ಬರೆದಿದೆ. ನಾನು ಅದನ್ನು ಆರಿಸಿದೆ. ವೇಗ ಕಣ್ಣಿಗೆ ಕಾಣುವಂತೆ ಏರಿತು, ಎಲ್ಲರೂ ಹಿಗ್ಗಿದರು, ನಾನೂ ಹಿಗ್ಗಿದೆ.

ಏನಾಗಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೇಟಾಬೇಸ್ ಒಂದು ನಮೂದನ್ನು ಬರೆದು, ‘ಇದು ಡಿಸ್ಕಿಗೆ ಮುಟ್ಟಿತೇ’ ಎಂದು ಕೇಳುತ್ತದೆ. ಆ ಪ್ರಶ್ನೆ ಒಳಗಿನ ಕರ್ನೆಲ್ಲಿಗೆ ಹೋಗಿ, ಅಲ್ಲಿಂದ ವರ್ಚುವಲ್ ಡಿಸ್ಕಿಗೆ, ಅಲ್ಲಿಂದ ಹೊರಗಿನ ಕರ್ನೆಲ್ಲಿಗೆ, ಅಲ್ಲಿಂದ ನಿಜವಾದ ಡಿಸ್ಕಿಗೆ ಇಳಿಯಬೇಕು. ಡಿಸ್ಕಿನೊಳಗೂ ಒಂದು ಸಣ್ಣ ಸ್ಮೃತಿ ಇರುತ್ತದೆ, ಅದೂ ಬರಿದಾಗಬೇಕು. ಕೆಳಗಿನವನು ಹೌದು ಎಂದ ಮೇಲೆಯೇ ಮೇಲಿನವನು ಹೌದು ಎನ್ನಬೇಕು. ಸರಿಯಾಗಿ ಹೊಂದಿಸಿದ ವ್ಯವಸ್ಥೆಯಲ್ಲಿ ಇಷ್ಟೂ ಹಂತಗಳು ಮಾತಿಗೆ ತಪ್ಪುವುದಿಲ್ಲ. ಅಸುರಕ್ಷಿತ ಎಂಬ ಬಗೆಯಲ್ಲಿ ಹೈಪರ್‌ವೈಸರ್ ಆ ಪ್ರಶ್ನೆಯನ್ನು ಕೆಳಗೆ ದಾಟಿಸುವುದೇ ಇಲ್ಲ. ನಮೂದು ಇನ್ನೂ ಮೆಮೊರಿಯಲ್ಲಿರುವಾಗಲೇ ‘ಮುಟ್ಟಿತು’ ಎಂದು ಹೇಳಿಬಿಡುತ್ತದೆ. ವೇಗ ಬಂದದ್ದು ಅಲ್ಲಿಂದ.

ಕರೆಂಟ್ ಹೋಯಿತು. ಯುಪಿಎಸ್ ಇಪ್ಪತ್ತು ನಿಮಿಷ ತಡೆಯಿತು. ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಸರ್ವರಿಗೆ ಹೇಳುವ ತಂತಿಯನ್ನು ನಾನು ಜೋಡಿಸಿರಲಿಲ್ಲ. ಮರುದಿನ ಡೇಟಾಬೇಸಿನ ಫೈಲು ಮುರಿದಿತ್ತು. ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಎಬ್ಬಿಸಿದರೂ ಒಂದಿಡೀ ದಿನದ ನಮೂದುಗಳು ಹೋಗಿದ್ದವು. ಆಷಾಢ ಮುಗಿದು ಮದುವೆಯ ಕೆಲಸ ತುಂಬಿದ್ದ ದಿನ. ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದು ನಿಂತಿದ್ದೆ. ಅಲ್ಲಿ ಗುಮಾಸ್ತರು ಮತ್ತು ಇಬ್ಬರು ವಿನ್ಯಾಸಕಾರರು ಕಾಗದದ ಕೆಲಸದ ಚೀಟಿಗಳನ್ನು ತಂತಿಯಿಂದ ಬಿಚ್ಚಿ, ಮೇಜಿನ ಮೇಲೆ ಹರಡಿ, ಒಂದೊಂದಾಗಿ ಮತ್ತೆ ಹೊಡೆದರು. ರಾತ್ರಿ ಹತ್ತೂವರೆಗೆ ಮುಗಿಯಿತು. ಯಾರೂ ನನಗೊಂದು ಮಾತು ಅನ್ನಲಿಲ್ಲ. ಅವತ್ತೇ ಆ ಅಸುರಕ್ಷಿತ ಆಯ್ಕೆಯನ್ನು ತೆಗೆದೆ, ಮತ್ತೆ ಎಂದೂ ಮುಟ್ಟಿಲ್ಲ, ಬೇರೆಯವರ ಯಂತ್ರದಲ್ಲಿ ಕಂಡರೆ ಕೇಳದಿದ್ದರೂ ಹೇಳುತ್ತೇನೆ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಮರುವಾರವೇ ಜೋಡಿಸಿದೆ. ಈಗ ಬ್ಯಾಟರಿ ಇಳಿದರೆ ಹೊರಗಿನ ವ್ಯವಸ್ಥೆ ಒಳಗಿನ ಯಂತ್ರಗಳನ್ನು ಸರದಿಯಂತೆ ಮಲಗಿಸಿ, ಕೊನೆಗೆ ತಾನು ಮಲಗುತ್ತದೆ.

ಇನ್ನೊಂದು ಸಲ ಕ್ಯಾಲೆಂಡರ್ ಹಂಗಾಮಿನಲ್ಲಿ ಸರ್ವರ್ ಇದ್ದಕ್ಕಿದ್ದಂತೆ ನಿಂತಿತು. ಸತ್ತಿರಲಿಲ್ಲ, ಉಸಿರು ಹಿಡಿದಿತ್ತು. ವರ್ಚುವಲ್ ಡಿಸ್ಕಿಗೆ 500 ಜಿಬಿ ಎಂದು ಹೇಳಿದ್ದರೂ ಆ ಫೈಲು ಬಳಸಿದಷ್ಟೇ ಬೆಳೆಯುವ ಬಗೆಯದು, ಮತ್ತು ನಾನು ಇರುವ ಜಾಗಕ್ಕಿಂತ ಹೆಚ್ಚನ್ನು ಹಂಚಿಕೊಟ್ಟಿದ್ದೆ. ಹೊರಗಿನ ಡಿಸ್ಕ್ ತುಂಬಿದ ಕ್ಷಣ ಕೀಮು ಯಂತ್ರವನ್ನು ಇದ್ದಲ್ಲೇ ತಡೆದು ನಿಲ್ಲಿಸಿತ್ತು. ಹಳೆಯ ಬ್ಯಾಕಪ್ ಒಂದನ್ನು ತೆಗೆದು, ಮುಂದುವರಿಸು ಎಂದೆ. ಅರ್ಧಕ್ಕೆ ನಿಂತಿದ್ದ ಉಳಿಸುವಿಕೆ ಅಲ್ಲಿಂದಲೇ ಮುಂದುವರಿದು ಮುಗಿಯಿತು. ಒಳಗೆ ಅಳಿಸಿದ ಫೈಲುಗಳ ಜಾಗ ಹೊರಗೆ ತಾನಾಗಿ ಮರಳುವುದಿಲ್ಲ, ಅದಕ್ಕೆ ಡಿಸ್ಕಾರ್ಡ್ ಆಯ್ಕೆ ಹಾಕಿ ವಾರಕ್ಕೊಮ್ಮೆ ಟ್ರಿಮ್ ಮಾಡಬೇಕು ಎಂಬುದನ್ನು ಕಲಿತದ್ದು ಆಗ.

ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಅದೇ ಡಿಸ್ಕಿನಲ್ಲಿರುತ್ತದೆ, ಡಿಸ್ಕಿನ ಜತೆಗೇ ಹೋಗುತ್ತದೆ. ಅದನ್ನು ಬ್ಯಾಕಪ್ ಎಂದು ನಂಬಬೇಡಿ. ನಮ್ಮಲ್ಲಿ ರಾತ್ರಿಯ ಬ್ಯಾಕಪ್ ಇನ್ನೊಂದು ಸಣ್ಣ ಯಂತ್ರಕ್ಕೆ ಹೋಗುತ್ತದೆ, ಶನಿವಾರ ಗುಮಾಸ್ತರು ಒಂದು ಯುಎಸ್‌ಬಿ ಡಿಸ್ಕನ್ನು ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ.

ವರ್ಚುವಲ್ ಯಂತ್ರದ ನಿಜವಾದ ವರ ನನಗೆ ತಿಳಿದದ್ದು 2017ರಲ್ಲಿ. ಸೆಂಟ್‌ಓಎಸ್ 5ಕ್ಕೆ ಭದ್ರತಾ ತಿದ್ದುಪಡಿಗಳು ಆ ವರ್ಷದ ಮಾರ್ಚ್ 31ಕ್ಕೆ ನಿಂತವು. ನಾನು ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆ. ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿತು. ಅದು ನುಗ್ಗುತ್ತಿದ್ದದ್ದು ವಿಂಡೋಸ್‌ನ ಎಸ್‌ಎಂಬಿ ಮೊದಲ ಆವೃತ್ತಿಯ ಬಿರುಕಿನಿಂದ, ಫೈಲ್ ಹಂಚಿಕೊಳ್ಳಲು ನಮ್ಮ ಹಳೆಯ ಸರ್ವರಿನೊಡನೆ ಎಲ್ಲ ಕಂಪ್ಯೂಟರುಗಳೂ ಆಡುತ್ತಿದ್ದ ಅದೇ ಭಾಷೆ. ಅದೇ ತಿಂಗಳು ಸಾಂಬಾದಲ್ಲೂ 3.5.0 ಆವೃತ್ತಿಯಿಂದೀಚೆಗೆ ಅಡಗಿದ್ದ ಒಂದು ದೊಡ್ಡ ದೋಷ ಹೊರಬಿತ್ತು. ಆ ವಾರ ನಿದ್ದೆ ಬರಲಿಲ್ಲ.

ಕಬ್ಬಿಣದ ಸರ್ವರ್ ಆಗಿದ್ದರೆ ಭಾನುವಾರ ಅದನ್ನು ಬಿಚ್ಚಿ, ಸೋಮವಾರದೊಳಗೆ ಹೊಸದು ಎದ್ದೇಳಲಿ ಎಂದು ಹರಕೆ ಹೊರಬೇಕಿತ್ತು. ಈಗ ನಡೆದದ್ದೇ ಬೇರೆ. ಓಡುತ್ತಿರುವ ಸರ್ವರಿನ ಬ್ಯಾಕಪ್ಪಿನಿಂದ ಅದರದೇ ಇನ್ನೊಂದು ರೂಪ ಎಬ್ಬಿಸಿ, ಯಾವ ತಂತಿಗೂ ಸೇರದ ಒಂದು ವರ್ಚುವಲ್ ಸ್ವಿಚ್ಚಿಗೆ ಕಟ್ಟಿದೆ. ಅದೇ ಹೆಸರು, ಅದೇ ಮ್ಯಾಕ್ ವಿಳಾಸದ ಎರಡು ಸರ್ವರುಗಳು ಒಂದನ್ನೊಂದು ಕಾಣದೆ ಒಂದೇ ಡಬ್ಬಿಯಲ್ಲಿ ಓಡಿದವು. ಪಕ್ಕದಲ್ಲಿ ಹೊಸ ಆವೃತ್ತಿ ಸ್ಥಾಪಿಸಿ, ಹಳೆಯದರ ದತ್ತಾಂಶ ಅದಕ್ಕೆ ಸುರಿದು, ನಾಲ್ಕು ಸಂಜೆ ಬೇಕಾದಂತೆ ಕೆಡಿಸಿ, ಕಟ್ಟಿ, ಮತ್ತೆ ಕೆಡಿಸಿದೆ. ಎರಡನೆಯ ಸಂಜೆ ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡವು. ಅಕ್ಷರ ಸಂಕೇತದ ಹೊಂದಾಣಿಕೆ ತಪ್ಪಿತ್ತು. ನಿಜವಾದ ಸರ್ವರಿನ ಮೇಲೆ ಹಾಗಾಗಿದ್ದರೆ ನನ್ನ ಕೈ ನಡುಗುತ್ತಿತ್ತು. ಅಷ್ಟು ಹೊತ್ತೂ ಹಗಲಿನ ಕೆಲಸ ಹಗಲಿನಲ್ಲಿ ನಡೆದೇ ಇತ್ತು. ಶುಕ್ರವಾರ ರಾತ್ರಿ ಬದಲಾವಣೆಗೆ ಹಿಡಿದದ್ದು ಐವತ್ತು ನಿಮಿಷ.

ಇದರ ಮಗ್ಗುಲಲ್ಲೇ ಒಂದು ಅಪಾಯವೂ ಇದೆ. ಯಂತ್ರ ಸವೆಯುವುದೇ ಇಲ್ಲವಾದರೆ ಹಳೆಯದನ್ನು ಬಿಡುವ ಒತ್ತಡವೂ ಇರುವುದಿಲ್ಲ. ಪ್ಲೇಟ್ ತಯಾರಿಸುವ ಯಂತ್ರದ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯನ್ನು ಬಿಟ್ಟು ಬೇರೆಲ್ಲೂ ಓಡದು, ಅದಕ್ಕೊಂದು ಯುಎಸ್‌ಬಿ ಬೀಗವೂ (ಪರವಾನಗಿಯ ಗುರುತಿನ ಸಾಧನ) ಬೇಕು. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಕೈಬಿಟ್ಟಿತು. ಅದನ್ನೂ ವರ್ಚುವಲ್ ಮಾಡಿ, ಬೀಗವನ್ನು ಒಳಗೆ ದಾಟಿಸಿ, ಹೊರಜಗತ್ತಿನ ದಾರಿಯನ್ನೆಲ್ಲ ಮುಚ್ಚಿ, ಒಂದೇ ಒಂದು ಫೋಲ್ಡರಿನಿಂದ ಫೈಲು ಎತ್ತಿಕೊಳ್ಳುವಂತೆ ಕೂರಿಸಿದ್ದೇನೆ. ಅದು ಸರಿಯಾದ ವ್ಯವಸ್ಥೆ ಎಂದು ಹೇಳಲಾರೆ. ಹೊಸ ಯಂತ್ರಕ್ಕೆ ಮಾವನ ಬಳಿ ಹಣವಿಲ್ಲ, ಈ ಯಂತ್ರದಿಂದ ಎರಡು ಮನೆ ನಡೆಯುತ್ತದೆ. ಅಷ್ಟರಮಟ್ಟಿಗೆ ಇದು ನ್ಯಾಯ. ಸರ್ವರಿನ ವಿಷಯದಲ್ಲಿ ಮಾತ್ರ ಆ ಸಡಿಲಿಕೆ ಕೊಟ್ಟುಕೊಂಡಿಲ್ಲ. ಆಗ ಅದರ ಬುನಾದಿಯಾಗಿದ್ದ ಸೆಂಟ್‌ಓಎಸ್ 7 2024ರ ಜೂನ್ 30ಕ್ಕೆ ಮುಗಿಯುವ ಮೊದಲೇ ಡೆಬಿಯನ್ ಮತ್ತು ಸಾಂಬಾಕ್ಕೆ ಬಂದೆವು. ಎಸ್‌ಎಂಇ ಸರ್ವರ್ ಬಿಡುವಾಗ ಮನಸ್ಸು ಭಾರವಾಯಿತು. ಹಳೆಯ ಮ್ಯಾಕ್ ವಿಳಾಸವನ್ನು ಹೊಸ ಯಂತ್ರಕ್ಕೂ ತೊಡಿಸಿದೆ. ರೌಟರಿನಲ್ಲಿ ಐಪಿ ಕಾಯ್ದಿರಿಸಿದ್ದು ಅದಕ್ಕೇ, ಬದಲಿಸುವುದು ಅರ್ಧ ನಿಮಿಷದ ಕೆಲಸ, ಆದರೂ ಬದಲಿಸಲಿಲ್ಲ.

ಇಷ್ಟೆಲ್ಲ ಆದರೂ ಒಂದು ವಿಷಯ ನನ್ನ ಕಣ್ಣಿಗೆ ಬೀಳಲು ಹಲವು ವರ್ಷ ಬೇಕಾಯಿತು. ಒಂದು ಆಯುಧಪೂಜೆಯ ದಿನ ನಾನು ಅಲ್ಲಿದ್ದೆ. ಆಫ್‌ಸೆಟ್ ಯಂತ್ರಕ್ಕೆ ಚೆಂಡುಹೂವಿನ ಮಾಲೆ, ಕತ್ತರಿಸುವ ಯಂತ್ರದ ಅಲಗಿಗೆ ಗಂಧ, ಕಂಪ್ಯೂಟರುಗಳಿಗೆ ಕುಂಕುಮ. ಗುಮಾಸ್ತರು ತಟ್ಟೆ ಹಿಡಿದು ಮೂಲೆಗೆ ಬಂದು ನಿಂತರು. ಮೊದಲು ಅಲ್ಲಿ ಪೆಂಟಿಯಂ ಡಬ್ಬಿ ಇದ್ದಾಗ ಅವರಿಗೆ ಯಾವ ಗೊಂದಲವೂ ಇರಲಿಲ್ಲ. ‘ಸರ್ವರ್’ ಎಂದರೆ ಅದೇ. ಈಗ ಅಲ್ಲಿ ಎರಡು ಕಪ್ಪು ಡಬ್ಬಿಗಳು, ಒಂದರಲ್ಲಿ ನಾಲ್ಕು ಯಂತ್ರ, ಇನ್ನೊಂದರಲ್ಲಿ ಬ್ಯಾಕಪ್. ‘ನಮ್ಮ ಕೆಲಸವೆಲ್ಲ ಇರುವುದು ಯಾವುದರಲ್ಲಿ?’ ಎಂದು ಕೇಳಿದರು. ನಾನು ಬಾಯಿ ತೆರೆದೆ, ಸರಿಯಾದ ಉತ್ತರ ಬರಲಿಲ್ಲ. ಮೊನ್ನೆಯವರೆಗೆ ಎಡಗಡೆಯದರಲ್ಲಿ ಇತ್ತು, ಡಿಸ್ಕ್ ಬದಲಿಸಲೆಂದು ನಾನು ಬೆಂಗಳೂರಿನಿಂದಲೇ ಬಲಗಡೆಯದಕ್ಕೆ ಸಾಗಿಸಿದ್ದೆ. ಅವರು ಎರಡಕ್ಕೂ ಕುಂಕುಮ ಹಚ್ಚಿ ಮುಂದೆ ಹೋದರು.

ಆ ಪ್ರಶ್ನೆ ನನ್ನನ್ನು ಬಸ್ಸಿನುದ್ದಕ್ಕೂ ಕಾಡಿತು. ಸರ್ವರ್ ಫೈಲಾದದ್ದರಿಂದ ನನಗೆ ಎಲ್ಲವೂ ಸುಲಭವಾಗಿತ್ತು: ದೂರದಿಂದ ನೋಡುತ್ತೇನೆ, ಎತ್ತುತ್ತೇನೆ, ಸಾಗಿಸುತ್ತೇನೆ, ಮರಳಿ ತರುತ್ತೇನೆ. ಅದರ ಮೇಲೆ ಹೊಟ್ಟೆ ಹೊರೆಯುವವರ ಕೈಗೆ ಮಾತ್ರ ಅದು ಸಿಗದಂತಾಗಿತ್ತು. ಪೆಂಟಿಯಂ ಡಬ್ಬಿ ಕೈಕೊಟ್ಟರೆ ಅವರು ಅದರ ಗುಂಡಿ ಒತ್ತಿ ನೋಡಬಲ್ಲವರಾಗಿದ್ದರು, ಹೊತ್ತುಕೊಂಡು ರಿಪೇರಿಯವನ ಬಳಿ ಹೋಗಬಲ್ಲವರಾಗಿದ್ದರು. ನಾನು ಕಟ್ಟಿದ್ದು ಹೆಚ್ಚು ಗಟ್ಟಿಯಾಗಿತ್ತು, ಆದರೆ ಅದರ ಬೀಗದ ಕೈ ನನ್ನೊಬ್ಬನ ತಲೆಯಲ್ಲಿತ್ತು. ನನಗೇನಾದರೂ ಆದರೆ? ಮಾವ ಆ ಪ್ರಶ್ನೆಯನ್ನು ನಾಚಿಕೆಗೆ ಎಂದೂ ಕೇಳಿರಲಿಲ್ಲ.

ಮೊದಲು ಹೆಸರುಗಳನ್ನು ಬದಲಿಸಿದೆ. ಸರ್ವರ್ ಒಂದು, ಸರ್ವರ್ ಎರಡು ಎಂದು ಇಟ್ಟದ್ದನ್ನೆಲ್ಲ ತೆಗೆದು, ಫೈಲುಗಳ ಯಂತ್ರಕ್ಕೆ ‘ಕಪಾಟು’, ದಾಖಲಾತಿಯದಕ್ಕೆ ‘ಲೆಕ್ಕ’, ಫೈರ್‌ವಾಲಿಗೆ ‘ಹೊಸ್ತಿಲು’, ಎಕ್ಸ್‌ಪಿಗೆ ‘ಅಜ್ಜ’ ಎಂದಿಟ್ಟೆ. ಪರದೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲೇ ಇರಬೇಕಾಗುತ್ತದೆ, ಆದರೆ ಬಾಯಿಗೆ ಕನ್ನಡ. ಈಗ ಫೋನ್ ಬಂದರೆ ‘ಏನೋ ಆಗಿದೆ’ ಎಂದಿರುವುದಿಲ್ಲ. ‘ಕಪಾಟು ತೆರೆಯುತ್ತಿಲ್ಲ, ಲೆಕ್ಕ ಚೆನ್ನಾಗಿದೆ’ ಎಂದಿರುತ್ತದೆ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಒಂದು ನೋಟ್‌ಬುಕ್. ಅವರೇ ಹೊಲಿದು ಕಟ್ಟಿದ ಇನ್ನೂರು ಪುಟದ್ದು. ಕರೆಂಟ್ ಹೋದರೆ ಏನು, ಬಂದ ಮೇಲೆ ಯಾವ ಕ್ರಮದಲ್ಲಿ ಏನು, ಒಂದು ಡಬ್ಬಿ ಪೂರ್ತಿ ಸತ್ತರೆ ಇನ್ನೊಂದರ ಮೇಲೆ ಕಪಾಟನ್ನು ಎಬ್ಬಿಸುವುದು ಹೇಗೆ ಎಂದು ಕನ್ನಡದಲ್ಲಿ, ಕೈಬರಹದಲ್ಲಿ ಬರೆದೆ. ಒಂದೊಂದು ಗುಂಡಿಯ ಚಿತ್ರ ಬಿಡಿಸಿದೆ. ಬರೆಯುವಾಗ ನನಗೇ ಗೊತ್ತಿಲ್ಲದ ಎಷ್ಟೋ ಜಾಗಗಳು ಕಂಡವು. ಗುಪ್ತಪದಗಳನ್ನು ಬೇರೆ ಲಕೋಟೆಯಲ್ಲಿಟ್ಟು ಅಂಟಿಸಿ, ಮಾವನ ತಿಜೋರಿಗೆ ಹಾಕಿದೆ.

2024ರ ಫೆಬ್ರವರಿಯಲ್ಲಿ, ವಿಎಂವೇರನ್ನು ಕೊಂಡಿದ್ದ ಬ್ರಾಡ್‌ಕಾಮ್ ಅದರ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿಯನ್ನು ನಿಲ್ಲಿಸಿತು. ಮರುವರ್ಷ ಮತ್ತೆ ಕೊಟ್ಟಿತು. ಆ ನಡುವೆ ಅದರ ಮೇಲಿದ್ದ ಇಬ್ಬರು ಪರಿಚಿತರು ಗಾಬರಿಯಿಂದ ಫೋನ್ ಮಾಡಿದರು. ಅವರಿಬ್ಬರಿಗೂ ನಾನು ಕೇಳಿದ್ದು ಒಂದೇ: ಅಂಗಡಿಯಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರಿಗಾದರೂ ಅದನ್ನು ಎಬ್ಬಿಸಲು ಬರುತ್ತದೆಯೇ? ಹೈಪರ್‌ವೈಸರ್ ಬದಲಿಸುವುದು ಎರಡು ರಾತ್ರಿಯ ಕೆಲಸ, ಅದನ್ನು ಆಮೇಲೆ ಮಾತನಾಡೋಣ ಎಂದೆ.

ಹೋದ ವರ್ಷ ಒಂದು ಭಾನುವಾರ ಗದಗಕ್ಕೆ ಹೋಗಿ, ಎಡಗಡೆಯ ಡಬ್ಬಿಯ ತಂತಿಯನ್ನು ಎಲ್ಲರೆದುರು ಕಿತ್ತೆ. ನೋಟ್‌ಬುಕ್ಕನ್ನು ಗುಮಾಸ್ತರ ಕೈಗೆ ಕೊಟ್ಟು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ. ಏನೇ ಆದರೂ ಮಾತನಾಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅವರಿಗೆ ಅರವತ್ತೆರಡು ವರ್ಷ. ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತ, ಬಲಗಡೆಯ ಡಬ್ಬಿಯ ಪುಟ ತೆರೆದರು. ಬ್ಯಾಕಪ್‌ಗಳ ಪಟ್ಟಿಯಲ್ಲಿ ಶನಿವಾರ ರಾತ್ರಿಯದನ್ನು ಆರಿಸಿದರು. ಏಳನೆಯ ಹೆಜ್ಜೆಯಲ್ಲಿ ಯಂತ್ರವನ್ನು ಚಾಲೂ ಮಾಡಿ ಕೂಡಲೇ ಫೋಲ್ಡರ್ ತೆರೆಯಲು ಹೋದರು, ತೆರೆಯಲಿಲ್ಲ. ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಅವರು ಪುಟವನ್ನು ಹಿಂದಕ್ಕೆ ಮಗುಚಿ, ಮುಂದಕ್ಕೆ ಮಗುಚಿ, ಮತ್ತೊಮ್ಮೆ ಒತ್ತಿದರು. ಒಂದು ನಿಮಿಷ, ಎರಡು ನಿಮಿಷ. ಕಪಾಟು ತೆರೆಯಿತು. ಒಳಗೆ ಹೋಗಿ, ಎಲ್ಲಕ್ಕಿಂತ ಹಳೆಯ ವರ್ಷದ ಫೋಲ್ಡರ್ ಹುಡುಕಿ, 2008ರ ಒಂದು ಆಮಂತ್ರಣವನ್ನು ತೆರೆದು, ಮುಹೂರ್ತದ ಸಾಲನ್ನು ಸದ್ದು ಮಾಡದೆ ಓದಿಕೊಂಡರು.

ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ನನ್ನ ಏಳನೆಯ ಹೆಜ್ಜೆಯ ಕೆಳಗೆ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: ‘ಇಲ್ಲಿ ಮೂರು ನಿಮಿಷ ಕಾಯಬೇಕು. ಗಾಬರಿ ಬೇಡ.’